ಒಲೆ ಹಿಂದಿನ ಗೋಡೆಗೆ ಟೈಲ್ಸ್ ಆರಿಸುವ ಮುನ್ನ ಸಂದು ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಹಳೇ ಅಡುಗೆಮನೆ ಒಡೆದು ಹೊಸದು ಮಾಡಿಸುವವರು ಕಟ್ಟೆಯ ಗ್ರಾನೈಟ್‌ಗಾಗಿ ನಾಲ್ಕು ಅಂಗಡಿ ಸುತ್ತುತ್ತಾರೆ. ಒಲೆ ಹಿಂದಿನ ಗೋಡೆಯ ಟೈಲ್ಸನ್ನು ಮಾತ್ರ ಮೊಬೈಲಿನಲ್ಲಿ ಫೋಟೊ ನೋಡಿ ಆರಿಸಿಬಿಡುತ್ತಾರೆ. ದಿನಾ ಒಗ್ಗರಣೆ ಸಿಡಿಯುವುದು, ಕುಕ್ಕರ್ ಸೀಟಿ ಹೊಡೆದಾಗ ಬೇಳೆ ನೀರು ಹಾರುವುದು ಆ ಗೋಡೆಗೇ. ಮಂಡಕ್ಕಿ ಜೊತೆಗೆ ಮಿರ್ಚಿ ಕರಿಯುವ ದಾವಣಗೆರೆಯಲ್ಲಿ ಎಣ್ಣೆ ಜಿಡ್ಡು ಕೂರದ ಅಡುಗೆಮನೆ ಎಲ್ಲಿದೆ? ಬಣ್ಣ, ಡಿಸೈನ್ ಆಮೇಲೆ ನೋಡಿದರಾಯಿತು. ಮೊದಲು ಟೈಲ್ಸ್ ನಡುವಿನ ಸಂದು ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಬೇಕು.

10 ಅಡಿ ಉದ್ದದ ಕಟ್ಟೆ, ಮೇಲೆ 2 ಅಡಿ ಎತ್ತರ ಎಂದರೆ 20 ಚದರ ಅಡಿ ಗೋಡೆ. ಇದಕ್ಕೆ 3×6 ಇಂಚಿನ ಇಟ್ಟಿಗೆ ಮಾದರಿ ಟೈಲ್ಸ್ ಹಾಕಿದರೆ 160 ಬೇಕು, ಸಂದುಗಳನ್ನೆಲ್ಲ ಕೂಡಿಸಿದರೆ ಸುಮಾರು 108 ಅಡಿ ಉದ್ದವಾಗುತ್ತದೆ. 12×18 ಇಂಚಿನದನ್ನು ಅಡ್ಡಲಾಗಿ ಹಾಕಿದರೆ 22 ಅಡಿ. 2×4 ಅಡಿಯ ವಿಟ್ರಿಫೈಡ್ (ನೀರು ಹೀರದಷ್ಟು ಗಟ್ಟಿಯಾಗಿ ಸುಟ್ಟ ಟೈಲ್ಸ್) ಆದರೆ ಎರಡೇ ಸಂದು, 4 ಅಡಿ. ಹೊಳಪಿನ ಟೈಲ್ಸ್ ಮೇಲೆ ಬಿದ್ದ ಅರಿಸಿನ ಒದ್ದೆ ಬಟ್ಟೆಗೆ ಹೋಗುತ್ತದೆ. ಬಿಳಿ ಸಿಮೆಂಟ್ ತುಂಬಿದ ಸಂದು ಅರಿಸಿನವನ್ನೂ ಎಣ್ಣೆಯನ್ನೂ ಹೀರಿಕೊಂಡು ಮೊದಲು ಹಳದಿ, ಆಮೇಲೆ ಕಪ್ಪಾಗುತ್ತದೆ. ಮನೆಯ ಹೆಣ್ಣುಮಕ್ಕಳು ಹಳೇ ಬ್ರಷ್ ಹಿಡಿದು ಉಜ್ಜುವುದು ಈ ಸಂದನ್ನೇ. ಉಜ್ಜಿ ಸಾಕಾಗಿ ಬಾತ್‌ರೂಮಿನ ಆಸಿಡ್ ಹಾಕಿದರೆ ಸಿಮೆಂಟ್ ಕರಗಿ ಸಂದು ಬಾಯಿಬಿಡುತ್ತದೆ, ನೀರು ಒಳಗಿಳಿಯುತ್ತದೆ. ಕಟ್ಟೆ ಕಡಪ ಕಲ್ಲಿನದಾಗಿದ್ದರೆ ಅದರ ಮೇಲೂ ಕಲೆ ಕೂರುತ್ತದೆ.

ಹಾಗಾಗಿ ಯಾವ ಟೈಲ್ಸ್ ತಂದರೂ ಸಂದಿಗೆ ಎಪಾಕ್ಸಿ ಗ್ರೌಟನ್ನೇ, ಅಂದರೆ ಎಣ್ಣೆ, ಕಲೆ ಹೀರದ ರಾಳದ ಮಾಲನ್ನೇ ತುಂಬಿಸಿ. ಬೆಲೆ ಹೆಚ್ಚು, ನಿಜ. ಆದರೆ 12×18ರ ಟೈಲ್ಸಿಗೆ 3 ಮಿ.ಮೀ. ಸಂದು ಬಿಟ್ಟರೆ ಇಡೀ ಗೋಡೆಗೆ 1 ಕೆ.ಜಿ. ಪ್ಯಾಕ್ ಸಾಕು, ಮಿಗುತ್ತದೆ. ಇದು ರಾಳ, ಅದನ್ನು ಗಟ್ಟಿ ಮಾಡುವ ಹಾರ್ಡನರ್, ಪುಡಿ ಮೂರನ್ನೂ ಕಂಪನಿ ಹೇಳಿದ ಅಳತೆಯಲ್ಲೇ ಕಲಸಬೇಕಾದ ಮಾಲು. ಮೇಸ್ತ್ರಿ ಸಿಮೆಂಟಿನ ಅಭ್ಯಾಸದಲ್ಲಿ ನೀರು ಬೆರೆಸಿದರೆ ಕೆಟ್ಟಿತು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿ, ಟೈಲ್ಸ್ ಮೇಲೆ ಹರಡಿದ್ದನ್ನು ಆಗಲೇ ಒರೆಸಬೇಕು. ಒಣಗಿದ ಮೇಲೆ ಆ ಮಬ್ಬು ಪದರ ಬಿಡಿಸುವುದು ಬಹಳ ಕಷ್ಟ.

ಅಂಟಿಸುವ ಕ್ರಮದಲ್ಲೂ ಎಚ್ಚರ ಬೇಕು. ಗೋಡೆಗೆಂದೇ ಬರುವ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ. ಅದನ್ನು ಗುಳ್ಳೆ ನಿಲ್ಲುವವರೆಗೆ ನೆನೆಸಿ ಸಿಮೆಂಟಿನಲ್ಲಿ ಕೂರಿಸಬಹುದು. ವಿಟ್ರಿಫೈಡ್ ಹೀರುವುದು ಶೇ 0.5ಕ್ಕೂ ಕಡಿಮೆ; ಬರೀ ಸಿಮೆಂಟ್ ಅದರ ಬೆನ್ನಿಗೆ ಕಚ್ಚುವುದಿಲ್ಲ. ಟೈಲ್ಸ್ ಅಂಟಿನ ಭಾರತೀಯ ಮಾನಕವಾದ ಐಎಸ್ 15477 ಎಂದು ಬರೆದಿರುವ ಚೀಲ ತನ್ನಿ. ವಿಟ್ರಿಫೈಡ್‌ಗೆ ಕನಿಷ್ಠ ಟೈಪ್ 2, ಹಳೇ ಟೈಲ್ಸ್ ಮೇಲೆ ಹಾಕುವುದಾದರೆ ಟೈಪ್ 3. 20 ಚದರ ಅಡಿಗೆ 20 ಕೆ.ಜಿ.ಯ ಒಂದು ಚೀಲ ಧಾರಾಳ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವುದಕ್ಕೆ ಬಿಡಬೇಡಿ. ಹಲ್ಲಿನ ಕರಣೆಯಲ್ಲಿ ಗೋಡೆ ತುಂಬ ಎಳೆಸಿ, ಟೈಲ್ಸ್ ಬೆನ್ನಿಗೂ ತೆಳುವಾಗಿ ಬಳಿಸಿ. ಮರುದಿನ ನಾಣ್ಯದಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಸಂದು ತುಂಬುವ ಮೊದಲೇ ತೆಗೆಸಿ. ದೊಡ್ಡ ಟೈಲ್ಸಿನಲ್ಲಿ ಸ್ವಿಚ್ ಬೋರ್ಡಿಗೆ ಚೌಕ ಕೊಯ್ಯುವಾಗ ಮೊದಲು ನಾಲ್ಕು ಮೂಲೆಗೂ ತೂತು ಕೊರೆಯಬೇಕು, ಇಲ್ಲದಿದ್ದರೆ ಮೂಲೆಯಿಂದ ಸೀಳುತ್ತದೆ. ಹಳೆಯದರ ಮೇಲೆ ಹೊಸದು ಹಾಕಿದರೆ ಗೋಡೆ ಅರ್ಧ ಇಂಚು ಮುಂದೆ ಬರುತ್ತದೆ. ಗೋಡೆಯ ನಲ್ಲಿಗೆ, ಸ್ವಿಚ್ ಬೋರ್ಡಿಗೆ ಮೊದಲೇ ಅಷ್ಟು ಉದ್ದ ಕೊಡಿಸಿಕೊಳ್ಳಿ. ಸಿಂಕ್ ಹಿಂದೆ ಗಾರೆ ಉಪ್ಪೊಡೆದಿದ್ದರೆ ಪೈಪಿನ ಸೋರಿಕೆ ನಿಲ್ಲಿಸದೆ ಏನು ಹಾಕಿದರೂ ಉದುರುತ್ತದೆ.

ಉಳಿದ ಮಾಲುಗಳಲ್ಲಿ ಕಪ್ಪು ಗ್ರಾನೈಟ್ ಚೆನ್ನ. ಕಟ್ಟೆಯಲ್ಲಿ ಮಿಕ್ಕಿದ ಸ್ಲ್ಯಾಬನ್ನೇ ಗೋಡೆಗೆ ನಿಲ್ಲಿಸಿದರೆ ಸಂದೂ ಕಡಿಮೆ. ಮಾರ್ಬಲ್ ಬೇಡವೇ ಬೇಡ, ನಿಂಬೆಹುಳಿ, ಹುಣಸೆಹುಳಿ ಅದರ ಹೊಳಪನ್ನೇ ತಿನ್ನುತ್ತದೆ. ಟಫನ್ಡ್ ಗಾಜಿಗೆ ಸಂದೇ ಇಲ್ಲ, ಆದರೆ ಅದನ್ನು ಹದ ಮಾಡಿದ ಮೇಲೆ ಕೊಯ್ಯಲೂ ಆಗದು, ಕೊರೆಯಲೂ ಆಗದು. ಕಟ್ಟೆ ಕೂರಿಸಿದ ನಂತರ ಸ್ವಿಚ್ ಬೋರ್ಡಿನ ತೂತು ಸಮೇತ ಅಳತೆ ಕೊಡಬೇಕು. ಅಗ್ಗವೆಂದು ಪಿವಿಸಿ ಹಾಳೆಯನ್ನು ಒಲೆ ಹಿಂದೆ ಅಂಟಿಸುವುದು ಅಪಾಯ. ಅದು ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ, ಅಗಲ ಪಾತ್ರೆ ಇಟ್ಟರೆ ಒಲೆಯ ಉರಿ ಗೋಡೆಗೇ ಚಾಚುತ್ತದೆ. ಮ್ಯಾಟ್, ಉಬ್ಬುತಗ್ಗಿನ ಟೈಲ್ಸಿನಲ್ಲಿ ಜಿಡ್ಡೂ ನಿಲ್ಲುತ್ತದೆ, ಬೋರ್ ನೀರಿನ ಬಿಳಿ ಕಲೆಯೂ ನಿಲ್ಲುತ್ತದೆ.

ಕಟ್ಟೆ ಮತ್ತು ಗೋಡೆ ಕೂಡುವ ಮೂಲೆಗೆ ಗ್ರೌಟ್ ಹಾಕಿಸಬೇಡಿ. ಕಟ್ಟೆ ಸ್ವಲ್ಪ ಅಲುಗಿದರೂ ಅಲ್ಲಿ ಬಿರುಕು ಬಿಡುತ್ತದೆ. ರಬ್ಬರಿನಂತೆ ಬಾಗುವ, ಬೂಷ್ಟು ಹಿಡಿಯದ ನ್ಯೂಟ್ರಲ್ ಸಿಲಿಕೋನ್ ಸೀಲಂಟ್ ತುಂಬಿಸಿ.

ನಗರದ ಟೈಲ್ಸ್ ಅಂಗಡಿಯವರಲ್ಲಿ ಒಂದು ಕೋರಿಕೆ. ಟೈಲ್ಸ್ ಸೆರಾಮಿಕ್ಕೋ ವಿಟ್ರಿಫೈಡೋ, ಬ್ಯಾಚ್ ಮತ್ತು ಶೇಡ್ ಸಂಖ್ಯೆ ಏನು ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡಿ. ನಾಳೆ ಎರಡು ಟೈಲ್ಸ್ ಒಡೆದರೆ ಅದೇ ಬಣ್ಣ ಹುಡುಕಲು ಗ್ರಾಹಕರಿಗೆ ಬೇರೆ ದಾರಿಯಿಲ್ಲ.

– ಒಬ್ಬ ಸಿವಿಲ್ ಕಾಂಟ್ರಾಕ್ಟರ್, ವಿದ್ಯಾನಗರ, ದಾವಣಗೆರೆ