ಗೆಳೆಯನಿಗೊಂದು ಪತ್ರ: ಸಂಕಮ್ಮನನ್ನು ಗುಡ್ಲಲ್ಲಿ ಬಿಟ್ಟು ಬಂದ ಮಧ್ಯಾಹ್ನ

ಮೈಸೂರು

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಹದಿನೈದು ದಿನಗಳಾದವು. ತಡವಾದದ್ದಕ್ಕೆ ಸೋಮಾರಿತನ ಕಾರಣವಲ್ಲ. ಹಳ್ಳಿಯ ಹಾಡುಗಾರರಿಂದ ಕಥೆ ಹಾಡಿಸುವ, ಶಾಲೆಗಳಲ್ಲಿ ಕಥೆ ಹೇಳಿಸುವ ನಮ್ಮ ಕಥೆಯ ಟ್ರಸ್ಟಿನ ಹೊಣೆಯನ್ನು ಮುಂದಿನ ವರ್ಷದಿಂದ ನೀನು ವಹಿಸಿಕೊಳ್ಳಬೇಕೆಂದು ಟ್ರಸ್ಟಿಗಳೆಲ್ಲ ಸೇರಿ ಕೇಳಿದ್ದಕ್ಕೆ ನೀನು ಒಪ್ಪಿಗೆಯನ್ನೂ ಕೊಡದೆ, ಆಗದೆಂದೂ ಹೇಳದೆ, "ದಿನವಿಡೀ ನೀನು ಅಲ್ಲಿ ಮಾಡುವುದೇನು, ಅದನ್ನು ಮೊದಲು ಬರೆ" ಎಂದು ಒಂದೇ ಪ್ರಶ್ನೆ ಹಾಕಿದ್ದೀಯ. ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ಮೇಲೂ ಆ ಪ್ರಶ್ನೆಗೆ ಎರಡು ಸಾಲಿನ ಉತ್ತರ ನನ್ನಲ್ಲಿಲ್ಲವೆಂಬುದು ಬರೆಯಲು ಕುಳಿತಾಗಲೇ ಗೊತ್ತಾಯಿತು.

ಕಳೆದ ತಿಂಗಳು ನಾನು ಒಂದು ಕಥೆಯನ್ನೂ ಹೇಳಲಿಲ್ಲ; ಪೂರ್ತಿಯಾಗಿ ಕೇಳಿದ್ದೂ ಒಂದನ್ನೇ. ನಮ್ಮ ಕಡೆ ಒಂದು ಕಥೆಯಿದೆಯಲ್ಲ, ಒಂದು ಕಥೆಯನ್ನೂ ಒಂದು ಹಾಡನ್ನೂ ಬಲ್ಲ ಹೆಂಗಸೊಬ್ಬಳು ಅವನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳೆಂದೂ, ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆ ಕಾಲಿನ ಜೋಡಾಗಿ ಬಾಗಿಲಲ್ಲಿ ಕುಳಿತು, ಹಾಡು ಗಂಡಸಿನ ಕೋಟಾಗಿ ನೇತುಬಿದ್ದು, ಗಂಡನ ಅನುಮಾನಕ್ಕೆ ದಾರಿಯಾದವೆಂದೂ. ನಾನು ಹೇಳದೆ ಉಳಿಸಿಕೊಂಡ ಕಥೆಗಳು ಜೋಡೂ ಆಗಲಿಲ್ಲ, ಕೋಟೂ ಆಗಲಿಲ್ಲ. ಫೈಲುಗಳಾಗಿ ಬೀರುವಿನೊಳಗೆ ಕುಳಿತಿವೆ. ನನ್ನ ಮೇಲೆ ಅನುಮಾನ ಪಡುವವರು ಆಡಿಟರು ಮಾತ್ರ.

ಆ ಫೈಲುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಬೇಕಾದರೆ ಒಂದು ನೋಂದಣಿ, ದಾನ ಕೊಟ್ಟವರಿಗೆ ರಿಯಾಯಿತಿ ಸಿಗಬೇಕಾದರೆ 80ಜಿ ಎಂಬ ಇನ್ನೊಂದು. ಇವೆರಡನ್ನೂ ಒಮ್ಮೆ ಪಡೆದರೆ ಮುಗಿಯಿತೆಂಬ ಕಾಲ 2021ಕ್ಕೆ ಹೋಯಿತು, ಈಗ ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ವರ್ಷದಲ್ಲಿ ದಾನ ಕೊಟ್ಟ ಪ್ರತಿಯೊಬ್ಬರ ವಿವರವನ್ನು ಮೇ 31ರೊಳಗೆ ಇಲಾಖೆಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿಯಂತೆ ಶುಲ್ಕ ಬೀಳುತ್ತದೆ. ಕಂಪನಿಗಳ ಹಣ ಬೇಕೆಂದರೆ ಸಿಎಸ್‌ಆರ್-1 ಎಂಬ ಮತ್ತೊಂದು ನೋಂದಣಿ. ಅಮೆರಿಕದ ಕನ್ನಡ ಕೂಟದ ಸ್ನೇಹಿತರೊಬ್ಬರು ಒಮ್ಮೆ ಪ್ರೀತಿಯಿಂದ ಹಣ ಕಳಿಸಲು ಹೊರಟಾಗ ನಾನೇ ಫೋನು ಮಾಡಿ ತಡೆಯಬೇಕಾಯಿತು. ಭಾರತದ ಪಾಸ್‌ಪೋರ್ಟು ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅವರು ಅಲ್ಲಿಯ ಪೌರತ್ವ ಪಡೆದಿದ್ದರೆ ಅದೇ ಹಣ ವಿದೇಶಿ ದೇಣಿಗೆಯಾಗುತ್ತದೆ, ಅದಕ್ಕೆ ದೆಹಲಿಯ ಅನುಮತಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿಯೇ ಖಾತೆ ಬೇಕು. ನಮಗೆ ಆ ಅನುಮತಿಯಿಲ್ಲ. ಅಕ್ಕರೆಯಿಂದ ಕೊಡಲು ಬಂದವರನ್ನು "ತಾವು ಯಾವ ದೇಶದ ಪ್ರಜೆ" ಎಂದು ಕೇಳುವುದು ಎಷ್ಟು ಮುಜುಗರದ ಸಂಗತಿಯೆಂಬುದನ್ನು ನೀನೂ ಒಂದು ದಿನ ಅನುಭವಿಸುತ್ತೀಯ.

ಇವೆಲ್ಲ ಕಲಿಯಬಹುದಾದ ವಿದ್ಯೆ. ಆಡಿಟರಿಗೆ ತಿಂಗಳಿಗೊಮ್ಮೆ ಕಾಗದ ಪತ್ರ ತಲುಪಿಸಿದರೆ ಅವರೇ ನಡೆಸಿಕೊಂಡು ಹೋಗುತ್ತಾರೆ. ಕಲಿಯಲು ಕಷ್ಟವಾದದ್ದು ಬೇರೆ ಇದೆ. ಅದನ್ನು ಹೇಳಲು ಆರು ವರ್ಷ ಹಿಂದಿನ ಒಂದು ಮಧ್ಯಾಹ್ನದ ವಿಷಯ ಬರೆಯಬೇಕು. ನಿನಗೆ ಇದನ್ನು ಅರ್ಧ ಮಾತ್ರ ಹೇಳಿದ್ದೆ.

ಕಂಸಾಳೆಯೆಂದರೆ ಈಗ ಎಲ್ಲರಿಗೂ ಗೊತ್ತಿರುವುದು ಕಂಚಿನ ತಾಳ ಬೀಸುತ್ತ ಕುಣಿಯುವ ಬೀಸು ಕಂಸಾಳೆ. ಮೆರವಣಿಗೆಗೆ ಅದು ಬೇಕು, ಮಂತ್ರಿಗಳ ಸ್ವಾಗತಕ್ಕೆ ಬೇಕು, ಕಾಲೇಜಿನ ವಾರ್ಷಿಕೋತ್ಸವಕ್ಕೂ ಬೇಕು. ಮಲೆ ಮಾದೇಶ್ವರನ ದೀಕ್ಷೆ ಪಡೆದ ಅದೇ ಕಂಸಾಳೆಯವರು, ಅಂದರೆ ದೇವರಗುಡ್ಡರು, ಕುಳಿತು ಹಾಡುವ ಮಾದೇಶ್ವರನ ಕಥೆಯನ್ನು ಕೇಳುವವರು ಊರಿನ ಹೊರಗೆ ಬಹಳ ಕಡಿಮೆ, ಏಕೆಂದರೆ ಅದಕ್ಕೆ ಇರುಳು ಬೇಕು. ಆ ಕಾವ್ಯ ಸಾಲು ಸಾಲಾಗಿ, ಅಂದರೆ ಒಂದೊಂದು ಬಿಡಿ ಕಥೆಯಾಗಿ, ಹರಡಿಕೊಂಡಿದೆ: ಶ್ರವಣಯ್ಯನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಒಂದು ಸಾಲಿಗೇ ಒಂದು ರಾತ್ರಿ ಸಾಲದೆ ಹೋಗಬಹುದು. ಮುಮ್ಮೇಳದವರು ಎತ್ತಿಕೊಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿದು ಹಾಡುತ್ತ, ನಡುನಡುವೆ ಮಾತಿಗಿಳಿದು, ಕೇಳುವವರ ಮುಖ ನೋಡಿ ಒಂದೆಡೆ ಹಿಗ್ಗಿಸಿ ಇನ್ನೊಂದೆಡೆ ಕುಗ್ಗಿಸಿ, ಬೆಳಗಿನ ಕೋಳಿ ಕೂಗುವ ಹೊತ್ತಿಗೆ ಒಂದು ನೆಲೆಗೆ ತಂದು ನಿಲ್ಲಿಸುತ್ತಾರೆ. ನಮ್ಮ ಟ್ರಸ್ಟು ಶುರುವಾದದ್ದೇ ಚಾಮರಾಜನಗರದ ಹಳ್ಳಿಯೊಂದರಲ್ಲಿ ಅಂಥ ಒಂದು ರಾತ್ರಿ ಐದು ಜನ ಸ್ನೇಹಿತರು ನಿದ್ದೆಗೆಟ್ಟು ಕುಳಿತದ್ದರಿಂದ.

ಬೆಂಗಳೂರಿನ ಒಂದು ಕಂಪನಿಯವರು ಆ ವರ್ಷ ನಮಗೆ ಅನುದಾನ ಕೊಟ್ಟಿದ್ದರು. ಅವರು ಕೆಟ್ಟ ಜನರಲ್ಲ, ಇದನ್ನು ನೀನು ನೆನಪಿಟ್ಟುಕೊಳ್ಳಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿಯೂ ಇದೆ, ಆದರೆ ಕಥೆ ಹೇಳುವವರ ಬಾಗಿಲಿಗೆ ಬಂದು ನಿಲ್ಲುವ ಕಂಪನಿ ಅಪರೂಪ. ಬಂದವರು ತಮ್ಮ ಸಭಾಂಗಣದಲ್ಲಿ ಒಂದು ಕಾರ್ಯಕ್ರಮ ಕೇಳಿದರು. ಊಟಕ್ಕೆ ಮುಂಚೆ ನಲವತ್ತು ನಿಮಿಷ. ನಾನು ಒಪ್ಪಿಕೊಂಡೆ. ಅಷ್ಟು ಹೊತ್ತಿನಲ್ಲಿ ಸಂಕಮ್ಮನ ಕಥೆಯ ಒಂದು ತುಣುಕು ಹಾಡಬಹುದೆಂದು ನಾನೇ ಲೆಕ್ಕ ಹಾಕಿದ್ದು. ಹಾಡುವ ಹಿರಿಯರನ್ನು ಕೇಳಲಿಲ್ಲ, ತಿಳಿಸಿದೆ ಅಷ್ಟೆ.

ದೇವರನ್ನು ನೆನೆಯುವುದಕ್ಕೇ ಹದಿನೈದು ನಿಮಿಷ ಹಿಡಿಯಿತು. ಆಮೇಲೆ ಕಥೆ ಕಾಡಿಗೆ ಹೋಯಿತು. ಜೇನು ಕೀಳಲು ಹೊರಟ ನೀಲೇಗೌಡ, ತಾನು ಬರುವವರೆಗೆ ಶೀಲ ತಪ್ಪದೆ ನಡೆಯುವೆನೆಂದು ಭಾಷೆ ಕೊಡೆಂದು ಹೆಂಡತಿಯನ್ನು ಹಿಂಸಿಸುತ್ತಾನೆ. ಏನು ಬೇಕಾದರೂ ಮಾಡುವೆನು, ಆ ಭಾಷೆಯೊಂದನ್ನು ಮಾತ್ರ ಕೊಡಲಾರೆನೆಂದು ಸಂಕಮ್ಮ ನಿಲ್ಲುತ್ತಾಳೆ. ಮಾತು ಮುಗಿಯದೆ ಅವನು ಅವಳನ್ನು ಕಟ್ಟಿ ಗುಡಿಸಲಿನೊಳಗೆ ಕೂಡಿಹಾಕಿ ಕಾಡು ಹತ್ತಿದನು ಎಂಬಲ್ಲಿಗೆ ಸರಿಯಾಗಿ ನಲವತ್ತು ನಿಮಿಷವಾಯಿತು. ನಿರೂಪಕಿ ಮೈಕು ಹಿಡಿದು ನಗುನಗುತ್ತ ವೇದಿಕೆಗೆ ಬಂದರು, ಧನ್ಯವಾದ ಹೇಳಿದರು, ಜನ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಕಂಸಾಳೆಯ ಬಟ್ಟಲು ಹಿಡಿದುಕೊಂಡೇ ಕುಳಿತಿದ್ದ ಹಿರಿಯರು ನನ್ನ ಕಡೆ ತಿರುಗಿ, "ಅವ್ವನ ಗುಡ್ಲೊಳಗ ಕೂಡಾಕ್ಬುಟ್ಟು ನಾವು ಉಣ್ಣಕ ಹೋಗದ ಬುದ್ದಿ?" ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು.

ಅವರು ಉಣ್ಣಲಿಲ್ಲ. ಮೇಳದ ಉಳಿದ ಮೂವರೂ ಉಣ್ಣಲಿಲ್ಲ. ಟೆಂಪೋ ಏರಿ ಮೈಸೂರಿನ ಹಳೆಯ ರಸ್ತೆ ಹಿಡಿದೆವು. ಬಿಡದಿ ದಾಟಿದ ಮೇಲೆ ಹಿರಿಯರು ತಾವಾಗಿಯೇ ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡರು. ಟೆಂಪೋದ ಸದ್ದಿನಲ್ಲಿ ಅರ್ಧ ಕೇಳಿಸುತ್ತಿತ್ತು, ಅರ್ಧ ಕೇಳಿಸುತ್ತಿರಲಿಲ್ಲ. ಮಾದಪ್ಪ ಬಂದು ಸಂಕಮ್ಮನನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳನ್ನು ಮಡಿಲಿಗೆ ಕೊಡುವ ಹೊತ್ತಿಗೆ ಮದ್ದೂರು ಸಮೀಪಿಸಿತ್ತು. ಅಲ್ಲಿ ಗಾಡಿ ನಿಲ್ಲಿಸಿ ಊಟ ಮಾಡಿದೆವು, ಸಂಜೆ ಐದು ಗಂಟೆಗೆ.

ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಹಾಡುವವರೇ ತೀರ್ಮಾನಿಸಬೇಕು, ಹೊತ್ತು ಕೊಡಲಾಗದ ಕಡೆಗೆ ಕಥೆಯನ್ನು ಒಯ್ಯಬಾರದು ಎಂದು ಅದರ ಮರುವಾರವೇ ನಾನು ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಈ ಭಾಗವನ್ನು ನಿನಗೆ ಹಿಂದೆ ಹೆಮ್ಮೆಯಿಂದಲೇ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಆಮೇಲಿನದು. ಮುಂದಿನ ವರ್ಷ ಕಂಪನಿಯವರು ಅಂಥವೇ ನಾಲ್ಕು ಕಾರ್ಯಕ್ರಮ ಕೇಳಿದರು, ನಾನು ಆಗುವುದಿಲ್ಲವೆಂದೆ, ಅವರು ಸೌಜನ್ಯದಿಂದಲೇ ಅನುದಾನ ನಿಲ್ಲಿಸಿದರು. ನನ್ನ ಜೀವನ ನಡೆಯುವುದು ಪಿಂಚಣಿಯಿಂದ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಥೆ ಹೇಳುವ ಇಬ್ಬರು ಹೆಣ್ಣುಮಕ್ಕಳ ಜೀವನ ನಡೆಯುವುದು ಟ್ರಸ್ಟಿನ ಸಂಬಳದಿಂದ. ಮೂರು ತಿಂಗಳು ಅವರಿಗೆ ಸಂಬಳ ಕೊಡಲಾಗಲಿಲ್ಲ. ಒಬ್ಬಾಕೆ ಮನೆ ಬಾಡಿಗೆಗೆ ಕಿವಿಯ ಓಲೆ ಅಡವಿಟ್ಟಳೆಂಬುದು ನನಗೆ ಗೊತ್ತಾದದ್ದು ಬೇರೆಯವರಿಂದ. ಟ್ರಸ್ಟಿಗಳ ಸಭೆಯಲ್ಲಿ ಒಬ್ಬರು, "ತತ್ತ್ವ ನಿಮ್ಮದು, ಓಲೆ ಆಕೆಯದು" ಎಂದಾಗ ನನಗೆ ಬಾಯಿ ಬರಲಿಲ್ಲ. ಆ ತೀರ್ಮಾನ ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಆದರೆ ಅದನ್ನು ತೆಗೆದುಕೊಳ್ಳುವ ಮುಂಚೆ ಆ ಇಬ್ಬರನ್ನು ಕೂರಿಸಿಕೊಂಡು ಮಾತಾಡಲಿಲ್ಲ. ಕಥೆ ಹಾಡುವವರನ್ನು ಕೇಳದೆ ನಲವತ್ತು ನಿಮಿಷ ಒಪ್ಪಿಕೊಂಡವನೇ, ಕೆಲಸ ಮಾಡುವವರನ್ನು ಕೇಳದೆ ಆಗುವುದಿಲ್ಲವೆಂದೂ ಹೇಳಿಬಿಟ್ಟೆ.

ಇದಕ್ಕೇ ನಾನು ನಿನಗೆ ಒಂದು ಲೆಕ್ಕವನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇನೆ. ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಟ್ರಸ್ಟು ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕೆಂಬುದು ತೆರಿಗೆಯ ನಿಯಮ; ಉಳಿದ ಶೇ 15ನ್ನು ಇಟ್ಟುಕೊಳ್ಳಬಹುದು. ಮೊದಲ ಆರು ವರ್ಷ ನಾವು ಅದನ್ನೂ ಉತ್ಸಾಹದಿಂದ ಖರ್ಚು ಮಾಡಿದೆವು, ಶಾಮಿಯಾನಕ್ಕೆ, ಸ್ಮರಣಿಕೆಗೆ, ಬಣ್ಣದ ಕರಪತ್ರಕ್ಕೆ. ಈಗ ಅದನ್ನು ಯಾರೂ ಮುಟ್ಟುವಂತಿಲ್ಲ. ಆರು ತಿಂಗಳ ಸಂಬಳಕ್ಕಾಗುವಷ್ಟು ಠೇವಣಿ ಕಳೆದ ಮಾರ್ಚಿಗೆ ಕೂಡಿಬಂತು. ನೀನು ಯಾವ ದಾನಿಗೆ ಆಗುವುದಿಲ್ಲ ಎನ್ನುವಾಗಲೂ ಆ ಠೇವಣಿಯ ರಸೀದಿಯನ್ನು ಒಮ್ಮೆ ತೆಗೆದು ನೋಡು.

ಗೌರವಧನದ ವಿಷಯದಲ್ಲಿ ನಿನಗೆ ಮೊದಲ ತಿಂಗಳಲ್ಲೇ ತಲೆನೋವು ಬರುತ್ತದೆ. ಒಬ್ಬರಿಗೆ ಒಂದು ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಳದವರಿಗೋ ಹಾಡು ಮುಗಿದ ಬೆಳಿಗ್ಗೆ ಹಣ ಕೈಯಲ್ಲಿದ್ದರೆ, ನಾಲ್ವರೂ ಅಲ್ಲೇ ಎಲೆಯಡಿಕೆಯ ಮುಂದೆ ಸಮ ಹಂಚಿಕೊಂಡು ಹೊರಡುತ್ತಾರೆ. ಬ್ಯಾಂಕಿನ ಮೂಲಕ ಮುಂದಾಳಿನ ಖಾತೆಗೆ ಹಾಕಿದರೆ, ಉಳಿದ ಮೂವರಿಗೆ ಅದು ತಲುಪುವುದರೊಳಗೆ ಮನಸ್ತಾಪ ಹುಟ್ಟಿರುತ್ತದೆ. ನಾಲ್ವರಿಗೂ ಬೇರೆ ಬೇರೆಯಾಗಿ ಹಾಕುವ ಪದ್ಧತಿ ತಂದಿದ್ದೇವೆ. ಒಬ್ಬರ ಪಾಸ್‌ಬುಕ್ಕು ಮಗನ ಕೈಯಲ್ಲಿರುತ್ತದೆ, ಇನ್ನೊಬ್ಬರ ಖಾತೆ ಸಾಲಕ್ಕೆ ಸಿಕ್ಕಿರುತ್ತದೆ. ಮನೆಗೆ ಹೋಗಿ ಕೂತು ಮಾತಾಡದೆ ಇದು ಬಗೆಹರಿಯುವುದಿಲ್ಲ. ಇದೂ ನೀನು ಕೇಳಿದ "ದಿನವಿಡೀ ಮಾಡುವ" ಕೆಲಸವೇ.

ಧ್ವನಿಮುದ್ರಣಗಳ ಪೆಟ್ಟಿಗೆಯನ್ನು ಮಾತ್ರ ಯಾರ ಕೈಗೂ ಸಲೀಸಾಗಿ ಕೊಡಬೇಡ. ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಐವತ್ತು ವರ್ಷಗಳ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯೇ ಕೊಟ್ಟಿದೆ. ಒಪ್ಪಿಗೆ ಪತ್ರವನ್ನು ನಾವು ಅವರಿಗೆ ಓದಿ ಹೇಳಿ, ಹೂಂಗುಟ್ಟಿದ್ದನ್ನೂ ಮುದ್ರಿಸಿಕೊಂಡು, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಯೂಟ್ಯೂಬಿಗೆ ಹಾಕುತ್ತೇವೆಂದು ಕೇಳಿಕೊಂಡು ಬರುವವರು ವಾರಕ್ಕೊಬ್ಬರಿದ್ದಾರೆ. ಕಥೆ ಜನಪದದ್ದು, ಯಾರದೂ ಅಲ್ಲ ಎಂಬುದು ಅವರ ವಾದ. ಕಥೆ ಯಾರದೂ ಅಲ್ಲದಿರಬಹುದು, ಕೊರಳು ಒಬ್ಬರದೇ ಅಲ್ಲವೇ?

ನಾನು ಬಿಟ್ಟ ಮೇಲೆ ಟ್ರಸ್ಟು ಉಳಿದೀತೇ ಎಂದು ನೀನು ಸುತ್ತುಬಳಸಿ ಕೇಳಿದ್ದೀಯ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಎಂಬ ರಂಗಸಂಸ್ಥೆಯ ಹಿಂದಿದ್ದ ಕೆ.ವಿ. ಸುಬ್ಬಣ್ಣನವರು ತೀರಿಕೊಂಡದ್ದು 2005ರಲ್ಲಿ. ಜಾನಪದ ಪರಿಷತ್ತನ್ನೂ ರಾಮನಗರದ ಜಾನಪದ ಲೋಕವನ್ನೂ ಕಟ್ಟಿದ ಎಚ್.ಎಲ್. ನಾಗೇಗೌಡರು ಹೋದದ್ದೂ ಅದೇ ವರ್ಷ. ಎರಡೂ ಇಂದಿಗೂ ನಡೆಯುತ್ತಿವೆ. ಅವರೊಡನೆ ನನ್ನನ್ನು ಹೋಲಿಸಿಕೊಳ್ಳುವ ಹುಚ್ಚು ನನಗಿಲ್ಲ. ಆದರೆ ಅವೆರಡು ಜಾಗಗಳಿಗೂ ಹೋದಾಗ ನಾನು ಗಮನಿಸುವುದು ಒಂದೇ, ಅಲ್ಲಿ ಅಡುಗೆಯ ಹೊತ್ತು, ಬಾಗಿಲು ತೆಗೆಯುವ ಹೊತ್ತು, ಬಂದವರನ್ನು ಮಾತಾಡಿಸುವ ರೀತಿ ಒಬ್ಬರ ನೆನಪನ್ನು ನೆಚ್ಚಿಕೊಂಡಿಲ್ಲ. ನಮ್ಮಲ್ಲಿ ಬೀರುವಿನ ಕೀಲಿ ಎಲ್ಲಿದೆಯೆಂಬುದು ಇನ್ನೂ ನನಗೊಬ್ಬನಿಗೇ ಗೊತ್ತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ: ಅದು ಗೋಡೆಯ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿದೆ.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುವ ಆಚರಣೆ ನೋಡಿಕೊಂಡು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ತಂಬೂರಿ ಹಿಡಿದು ಕೂತ ಕಡೆ ಬೆಳಗಿನವರೆಗೆ ಇರೋಣ. ಒಪ್ಪಿಗೆಯೋ ಇಲ್ಲವೋ ಎಂಬುದನ್ನು ನೀನು ಆಮೇಲೆ ಹೇಳಿದರೆ ಸಾಕು. ಬರುವಾಗ ಕಂಬಳಿ ತಾ, ಅಲ್ಲಿ ಚಳಿ ಹೆಚ್ಚು. ಪ್ಯಾನ್ ಕಾರ್ಡಿನ ಎರಡು ಪ್ರತಿ ಮತ್ತು ಎರಡು ಫೋಟೋಗಳೂ ಜೊತೆಯಲ್ಲಿರಲಿ, ಆಡಿಟರು ಕೇಳುತ್ತಿದ್ದಾರೆ.

ಇಂತಿ ನಿನ್ನ,
ಹಳೆಯ ಗೆಳೆಯ