ಮದುವೆ ಕಾರ್ಡಿಗೆ ಇಟಾಲಿಕ್ ಹಾಕುವ ಮುಂಚೆ

ದಾವಣಗೆರೆ ಡಿಟಿಪಿ ಗೆಳೆಯರೇ, ಮದುವೆ ಸೀಸನ್ ಶುರುವಾಯ್ತು. ಇಂಗ್ಲಿಷ್ ಹೆಸರಿಗೆ ಇಟಾಲಿಕ್ (ಬಲಕ್ಕೆ ವಾಲಿದ ಅಕ್ಷರ) ಬೇಕಿದ್ದರೆ ಫಾಂಟಿನ ಜೊತೆ ಬರುವ ಇಟಾಲಿಕ್ ಫೈಲನ್ನೇ ಹಾಕಿ. ನೆಟ್ಟಗಿನ ಅಕ್ಷರವನ್ನು ಸುಮ್ನೆ ವಾಲಿಸಿದರೆ ಆಗಲ್ಲ. ಸಣ್ಣ 'ಎ' ನೋಡಿ: ಒಳ್ಳೆ ಸೆರಿಫ್ (ಗೆರೆಗಳ ತುದಿಗೆ ಪುಟ್ಟ ಚಾಚು ಇರುವ) ಇಟಾಲಿಕ್‌ನಲ್ಲಿ ಅದರ ತಲೆಮೇಲಿನ ಕೊಕ್ಕೆ ಹೋಗಿ, ಕೈಬರಹದ ಹಾಗೆ ದುಂಡಗಾಗುತ್ತದೆ. 'ಎಫ್' ಬಾಲ ಗೆರೆ ದಾಟಿ ಕೆಳಗಿಳಿಯುತ್ತದೆ.

1501ರಲ್ಲಿ ವೆನಿಸ್‌ನ ಆಲ್ಡಸ್ ಮನುಷಿಯಸ್ ಇಡೀ ಪುಸ್ತಕವನ್ನೇ ಇಟಾಲಿಕ್‌ನಲ್ಲಿ ಅಚ್ಚು ಹಾಕಿದ್ದ. ಅಕ್ಷರ ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ನಮಗೆ ಅಷ್ಟೆಲ್ಲಾ ಬೇಡ, ವಧೂವರರ ಹೆಸರಿಗೆ ಸಾಕು. ವಿಳಾಸ, ಮುಹೂರ್ತ ನೆಟ್ಟಗೇ ಇರಲಿ, ಅಜ್ಜಂದಿರೂ ಓದಬೇಕಲ್ವಾ!

ಕೆಂಪು ಕಾರ್ಡಿನ ಮೇಲೆ ಬಂಗಾರದ ಬಣ್ಣ ಹಾಕುವಾಗ ಹುಷಾರು. ತೆಳು ಗೆರೆ ತುಂಡಾಗುತ್ತದೆ. ಹೋದ ವಾರ ನನ್ನದೇ ಒಂದು ಲಾಟ್ ಹಾಳಾಯಿತು. ಕನ್ನಡವನ್ನಂತೂ ವಾಲಿಸಲೇಬೇಡಿ, ಒತ್ತಕ್ಷರ ಪಕ್ಕಕ್ಕೆ ಜಾರಿಬಿದ್ದ ಹಾಗೆ ಕಾಣುತ್ತದೆ.