ಜಾಥಾ ಮುಗಿಯಿತು, ಮುಂದಿನ ಮಂಗಳವಾರ ಯಾವಾಗ?

ಮಾನ್ಯ ಸಂಪಾದಕರೇ,

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಕಾರ್ಯಕ್ರಮ. ಹೈಸ್ಕೂಲು ಮಕ್ಕಳ ಜಾಥಾ, ಬಸ್ ನಿಲ್ದಾಣದ ಹತ್ತಿರ ಘೋಷಣೆ, ಗಿಡಕ್ಕೆ ನೀರೆರೆದು ಉದ್ಘಾಟನೆ, ನಾಲ್ಕು ಭಾಷಣ, ಉಪ್ಪಿಟ್ಟು. ಮೂರು ತಿಂಗಳಿಂದ ನಿದ್ದೆಯಿಲ್ಲದ ಹೆಂಗಸು ಆ ಜಾಥಾವನ್ನು ಕಿಟಕಿಯಿಂದ ನೋಡಿರುತ್ತಾಳೆ, ಅಷ್ಟೇ. ಎಲ್ಲಿಗೆ, ಯಾವ ವಾರ ಹೋಗಬೇಕೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಹೇಳುವುದಕ್ಕೆ ಬೇಕಾದಷ್ಟಿದೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಮಂಗಳವಾರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ಕೊಟ್ಟು ಆರಂಭಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ರಾಜ್ಯದಲ್ಲಿ ಜಾಗೃತಿ ಫ್ಲೆಕ್ಸಿಗೆ ಬಂದು ನಿಂತಿದೆ.

ಮೊದಲು ತಾರೀಕಿನ ಹಟ ಬಿಡಬೇಕು. ನಿಮ್ಮ ತಾಲ್ಲೂಕಿನ ಪಾಳಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ, ಅದಕ್ಕೆ ನಾಲ್ಕೈದು ದಿನ ಮುಂಚೆ ಕಾರ್ಯಕ್ರಮ ಇಟ್ಟುಕೊಳ್ಳಿ. ಸ್ತ್ರೀಶಕ್ತಿ ಸಂಘದ ಸಭೆಯಾದರೂ ಸರಿ, ಡೇರಿ ಸಂಘದ ಸಭೆಯಾದರೂ ಸರಿ. ನಲವತ್ತು ಜನ ಸಾಕು, ಇನ್ನೂರಾದರೆ ಯಾರೂ ಬಾಯಿ ಬಿಡುವುದಿಲ್ಲ. ಮಾತ್ರೆ ದಾಸ್ತಾನು ಇದೆಯೇ ಎಂದು ಔಷಧಿ ವಿಭಾಗದಲ್ಲೂ ಕೇಳಿಟ್ಟುಕೊಳ್ಳಿ. ಧೈರ್ಯ ಮಾಡಿ ಬಂದವರನ್ನು ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದು ಕಳಿಸಿದರೆ ಅವರು ಮತ್ತೆ ಬರುವುದಿಲ್ಲ.

ಬೀದಿನಾಟಕದವರಿಗೊಂದು ಮಾತು. ಹರಿದ ಅಂಗಿ, ಕೆದರಿದ ತಲೆ, ಕೈಯಲ್ಲೊಂದು ತಗಡಿನ ಡಬ್ಬ: ಪಾತ್ರಧಾರಿ ಹೀಗೆ ಕುಣಿಯುತ್ತ ಬಂದ ಕೂಡಲೇ ಜನ ನಗುತ್ತಾರೆ. ಅಲ್ಲಿಗೆ ನಾಟಕ ಸೋತಂತೆ. ಕೊನೆಗೆ ಡಾಕ್ಟರ ಪಾತ್ರ ಎಷ್ಟೇ ಬುದ್ಧಿ ಹೇಳಲಿ, ನೋಡಿದವರ ನೆನಪಲ್ಲಿ ಉಳಿಯುವುದು ಆ ಡಬ್ಬ. ಹಾಲು ಕರೆದು ಡೇರಿಗೆ ಹಾಕಿ ಬಂದವನು ಗೋಡೆಗೆ ಒರಗಿದರೆ ಮಧ್ಯಾಹ್ನದವರೆಗೂ ಏಳಲಾರ. ಊಟಕ್ಕೆ ಕರೆದರೆ ‘ಹಸಿವಿಲ್ಲ’ ಎನ್ನುತ್ತಾನೆ. ಮನೆಯವರು ಸೋಮಾರಿ ಎಂದು ಬೈಯುತ್ತಾರೆ. ಇದನ್ನು ಆಡಿ ತೋರಿಸಿ, ಒಬ್ಬರೂ ನಗುವುದಿಲ್ಲ.

ಕಾಯಿಲೆ ಬಂದು, ಚಿಕಿತ್ಸೆ ಪಡೆದು, ಕೆಲಸಕ್ಕೆ ಮರಳಿದವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದಾಗ ಕಳಂಕದ ಭಾವನೆ ಕರಗುವಷ್ಟು ಬೇರೆ ಯಾವುದರಿಂದಲೂ ಕರಗದು. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಈ ಕಳಂಕದ ಬಗ್ಗೆ ನೇಮಿಸಿದ್ದ ಆಯೋಗದ 2022ರ ವರದಿಯೂ ಇದಕ್ಕೇ ಒತ್ತು ಕೊಟ್ಟಿತು. ಆದರೆ ಅದೇ ಊರಿನವರನ್ನು ವೇದಿಕೆಗೆ ಹತ್ತಿಸಬೇಡಿ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಸಂಬಂಧವೇ ತಪ್ಪೀತು. ಪಕ್ಕದ ತಾಲ್ಲೂಕಿನವರನ್ನು ಕರೆಸಿ, ಆ ದಿನದ ಕೂಲಿ ಮತ್ತು ಬಸ್ ಚಾರ್ಜು ಕೊಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಬೆಳಿಗ್ಗೆ ‘ಬೇಡ’ ಅಂದರೂ ಒತ್ತಾಯ ಮಾಡಬೇಡಿ. ಹತ್ತು ನಿಮಿಷ ಅವರ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ. ‘ಆಗ ನೀವು ಏನೇನು ಮಾಡ್ತಿದ್ರಿ?’ ಎಂದು ಕುತೂಹಲಕ್ಕೆ ಕೇಳುವವರು ಇದ್ದೇ ಇರುತ್ತಾರೆ. ನಿರೂಪಕರು ಅಲ್ಲೇ ತಡೆಯಬೇಕು. ಮೊಬೈಲು ಜೇಬಿನಲ್ಲಿರಲಿ. ಚಿಕಿತ್ಸೆಯಲ್ಲಿರುವವರ ಫೋಟೊ, ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ.

ತಪಾಸಣೆಯಲ್ಲಂತೂ ತಪ್ಪುಗಳು ಹೆಚ್ಚು. ‘ಮನೋರೋಗ ತಪಾಸಣಾ ಶಿಬಿರ’ ಎಂಬ ಬ್ಯಾನರ್ ಕೆಳಗೆ ಸಾಲು ನಿಲ್ಲಲು ಯಾರು ಬರುತ್ತಾರೆ? ಹೊರಗಿನ ಮೇಜಿನಲ್ಲಿ ಬಿಪಿ, ಶುಗರ್ ನೋಡಿ. ನಿದ್ದೆ, ಬೇಸರದ ಪ್ರಶ್ನೆಗಳು ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಖಿನ್ನತೆ ಪತ್ತೆಗೆ ಸಾಮಾನ್ಯವಾಗಿ ಬಳಸುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರೇ ಕೂತು ಮಾತಾಡಿ ನೋಡಬೇಕು. ಅಂಕವೇ ಕಾಯಿಲೆಯ ಸರ್ಟಿಫಿಕೇಟಲ್ಲ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅದಕ್ಕೆ ‘ಹೌದು’ ಎಂದವರನ್ನು ಒಬ್ಬರೇ ಮನೆಗೆ ಕಳಿಸಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಕಾಲೇಜುಗಳಲ್ಲಿ ಇದೇ ಹಾಳೆಯನ್ನು ಇಡೀ ತರಗತಿಗೆ ಹಂಚಿ, ‘ಮುಂದಿನ ವಾರ ನೋಡೋಣ’ ಎಂದು ಕಟ್ಟಿಡುವುದುಂಟು. ಅದಕ್ಕಿಂತ ಹಂಚದಿರುವುದೇ ವಾಸಿ.

ಖಿನ್ನತೆಯ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ಮಂಪರು ಮಾತ್ರ ಮೊದಲ ವಾರದಲ್ಲೇ ಬರಬಹುದು. ‘ಹೀಟು ಮಾತ್ರೆ’ ಎಂದು ಐದನೇ ದಿನಕ್ಕೆ ಬಿಡುವವರು ಬಿಡುವುದು ಇದಕ್ಕೇ. ಇದನ್ನು ಸಭೆಯಲ್ಲೇ ಹೇಳಿ, ನಾಲ್ಕನೇ ದಿನ ಆಶಾ ಕಾರ್ಯಕರ್ತೆ ಒಂದು ಫೋನ್ ಮಾಡಿದರೆ ಬಹಳ ಮಟ್ಟಿಗೆ ತಡೆಯಬಹುದು. ದೇವಸ್ಥಾನ, ದರ್ಗಾಕ್ಕೆ ಹೋಗುವವರನ್ನು ಗೇಲಿ ಮಾಡುವುದು ಬೇಡ. ಹರಕೆಯೂ ತೀರಲಿ, ಮಾತ್ರೆಯೂ ನಡೆಯಲಿ.

ಪತ್ರಿಕೆಗೂ ಒಂದು ಕೋರಿಕೆ. ಇಂಥ ಕಾರ್ಯಕ್ರಮದ ಸುದ್ದಿ ಹಾಕುವಾಗ ವೇದಿಕೆಯಲ್ಲಿದ್ದ ಎಂಟು ಗಣ್ಯರ ಹೆಸರು ಬರುವ ಜಾಗದಲ್ಲಿ ಮುಂದಿನ ಕ್ಲಿನಿಕ್ ಯಾವ ಮಂಗಳವಾರ, ಆಸ್ಪತ್ರೆಯ ಎಷ್ಟನೇ ಕೊಠಡಿ ಎಂದು ಮುದ್ರಿಸಿ. ಪಕ್ಕದಲ್ಲಿ 14416 ಇರಲಿ.

– ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರು